ಕಾಯಿಲೋವರ್ ತಗೊಳ್ಳೋ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ದಿನಾ ಒಂದೇ ಪ್ರಶ್ನೆ: ಯಾವ ಕಾಯಿಲೋವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಜೋಡಣೆಯಾಗಿ ಬರೋ, ಎತ್ತರ ಬದಲಿಸಬಹುದಾದ ಸಸ್ಪೆನ್ಷನ್) ತಗೊಳ್ಳಲಿ? ಮೊದಲು ಕಾರು ಎಲ್ಲಿ ಓಡುತ್ತದೆ ಹೇಳಿ.

ಕೆಡಬ್ಲ್ಯೂ ಕಂಪನಿಯ ವೇರಿಯಂಟ್ 1ರಲ್ಲಿ ಕಾರಿನ ಎತ್ತರ ಮಾತ್ರ ಬದಲಿಸಬಹುದು. 2ರಲ್ಲಿ ರಿಬೌಂಡ್ (ಶಾಕ್ ಮತ್ತೆ ಚಾಚಿಕೊಳ್ಳುವಾಗಿನ ಬಿಗಿ) ಕೂಡ, 3ರಲ್ಲಿ ಅದರ ಜೊತೆಗೆ ಕಂಪ್ರೆಷನ್ನೂ (ಒತ್ತಿಕೊಳ್ಳುವಾಗಿನ ಬಿಗಿ). ಬಿಲ್‌ಸ್ಟೀನ್ ಬಿ14 ಎತ್ತರಕ್ಕಷ್ಟೇ. ಬಿ16ಕ್ಕೆ 10 ಹಂತ, ನಾಬ್ ತಿರುಗಿಸಿದರೆ ರಿಬೌಂಡ್, ಕಂಪ್ರೆಷನ್ ಎರಡೂ ಒಟ್ಟಿಗೇ ಬದಲಾಗುತ್ತವೆ. ಬಿ.ಸಿ. ರೇಸಿಂಗ್ ಕಂಪನಿಯ ಬಿಆರ್‌ಗೆ 30 ಕ್ಲಿಕ್, ಅಂದರೆ 30 ಹಂತ. ಕ್ಲಿಕ್ ಜಾಸ್ತಿ ಇದ್ದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ. ಸ್ಪ್ರಿಂಗ್ ಎಷ್ಟು ಗಟ್ಟಿ ಅಂತ ಕೇಳಿ. ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಅದಕ್ಕೆ ಸಾಲದಿದ್ದರೆ ಹಂಪ್ ದಾಟಿದ ಮೇಲೂ ಕಾರು ಕುಣಿಯುತ್ತಲೇ ಇರುತ್ತದೆ.

ನನ್ನ ಕಥೆ ಕೇಳಿ. ಎರಡು ಮಳೆಗಾಲ ಮಲೆನಾಡಿನಲ್ಲಿ ಓಡಿಸಿದೆ, ಎತ್ತರ ಬದಲಿಸಲು ತಿರುಗಿಸೋ ಕಾಲರ್ (ಥ್ರೆಡ್ ಮೇಲಿನ ರಿಂಗ್) ಕಡೆ ನೋಡಲೇ ಇಲ್ಲ. ಥ್ರೆಡ್ ತುಂಬಾ ಕೆಸರು, ತುಕ್ಕು. ಸ್ಪ್ಯಾನರ್ ಜಾರಿ ಬೆರಳ ಗೆಣ್ಣು ಸುಲಿಯಿತು, ಕಾಲರ್ ಮಾತ್ರ ಅಲ್ಲಾಡಲಿಲ್ಲ. ಈಗ ಡಿಕ್ಕಿಯಲ್ಲಿ ವೈರ್ ಬ್ರಷ್ ಇದ್ದೇ ಇರುತ್ತದೆ.

ಎತ್ತರ ಇಳಿಸಿದರೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಶನಿವಾರದೊಳಗೆ ಮಾಡೆಲ್, ಬಜೆಟ್, ವರ್ಷಕ್ಕೆ ಎಷ್ಟು ಸಲ ಟ್ರ್ಯಾಕಿಗೆ ಹೋಗ್ತೀರಿ ಅನ್ನೋದನ್ನು ಇಲ್ಲಿ ಹಾಕಿ. ಸುಮ್ನೆ ‘ಬೆಸ್ಟ್ ಯಾವುದು ಗುರು’ ಅಂತ ಕೇಳಬೇಡಿ.