ಈರುಳ್ಳಿಯ ಪ್ರಯೋಗ ಪುಸ್ತಕದಲ್ಲೇ ಇದೆ: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರೇ,

ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ವಿಜ್ಞಾನದ ಜೊತೆಗೇ ರಾಜ್ಯಶಾಸ್ತ್ರ, ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ ಎಂದು ಅಚ್ಚಾಗಿರುತ್ತದೆ. ಕಣ್ಣು ಕಾಣದ ಮಕ್ಕಳೂ ಇವನ್ನು ವಿಜ್ಞಾನದ ಬದಲಿಗೆ ತೆಗೆದುಕೊಳ್ಳಬಹುದು. ಈ ಸೌಲಭ್ಯವನ್ನು ತೆಗೆಯಿರಿ ಎಂದು ನಾವು ಕೇಳುತ್ತಿಲ್ಲ. ಆದರೆ ವಿಜ್ಞಾನ ಕಲಿಸುವ ಏರ್ಪಾಡೇ ಶಾಲೆಯಲ್ಲಿ ಇಲ್ಲದಿದ್ದರೆ ಮಗು ಆರಿಸಿಕೊಂಡದ್ದಾದರೂ ಏನು? ಹತ್ತರಲ್ಲಿ ವಿಜ್ಞಾನ ಬಿಟ್ಟವರಿಗೆ ಪಿಯುಸಿಯಲ್ಲಿ ಅದನ್ನು ಹಿಡಿಯುವುದು ದೂರದ ಮಾತು.

ಹತ್ತನೇ ತರಗತಿಯ ಆಮ್ಲ–ಪ್ರತ್ಯಾಮ್ಲದ ಪಾಠ ತೆರೆದು ನೋಡಿ. ಸಣ್ಣಗೆ ಹೆಚ್ಚಿದ ಈರುಳ್ಳಿಯ ಜೊತೆ ಬಟ್ಟೆಯ ಚೂರುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಬೇಕು. ಮರುದಿನ ಒಂದು ಚೂರಿಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ, ಇನ್ನೊಂದಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹನಿಸಿ, ನೀರಲ್ಲಿ ತೊಳೆದು ಮೂಸಬೇಕು. ಪ್ರತ್ಯಾಮ್ಲ ಬಿದ್ದ ಚೂರಿನಲ್ಲಿ ಈರುಳ್ಳಿ ವಾಸನೆ ಹೋಗಿರುತ್ತದೆ. ಇದಕ್ಕೆ ಕಣ್ಣೇ ಬೇಡ. ಪ್ರಯೋಗ ಕೆಡುವುದು ಸಣ್ಣ ಕಾರಣಕ್ಕೆ: ಈರುಳ್ಳಿ ಹೆಚ್ಚಿದ ಕೈಯಿಂದಲೇ ಬಟ್ಟೆ ಹಿಡಿದರೆ ಬೆರಳಿನ ವಾಸನೆಯೇ ಮೂಗಿಗೆ ಬರುತ್ತದೆ. ಹೆಚ್ಚುವವರು ಬೇರೆ, ಮೂಸುವವರು ಬೇರೆ ಇರಲಿ.

ಅದೇ ಪಾಠದಲ್ಲಿ ಮುಂದೆ ಬರುವ ಇನ್ನೊಂದು ಚಟುವಟಿಕೆಯಲ್ಲಿ 2 ಮಿಲಿಲೀಟರ್ ಸೋಡಿಯಂ ಹೈಡ್ರಾಕ್ಸೈಡ್ ಬೇಕು. ಅಳೆಯಲು 10 ಮಿಲಿಲೀಟರಿನ ಸಿರಿಂಜ್ ಸಾಕು, ಸೂಜಿ ಬೇಡ. ಒಳಗಿನ ದಂಡಿನ ಮೇಲೆ ಪ್ರತಿ ಮಿಲಿಲೀಟರಿಗೊಂದು ಕಚ್ಚು ಮಾಡಿದರೆ ಎಳೆಯುವಾಗ ಉಗುರಿಗೆ ಎಣಿಕೆ ಸಿಗುತ್ತದೆ. ಗಾಳಿಗುಳ್ಳೆ ಸೇರಿದರೆ ಅಳತೆ ತಪ್ಪುತ್ತದೆ. ತುದಿ ದ್ರಾವಣದಲ್ಲಿ ಮುಳುಗಿರುವಂತೆಯೇ ಒಮ್ಮೆ ಎಳೆದು, ಒತ್ತಿ, ಮತ್ತೆ ಎಳೆಯಬೇಕು.

ಆ ದ್ರಾವಣಕ್ಕೆ ಎರಡು ಹನಿ ಫಿನಾಫ್ತಲೀನ್ ಸೂಚಕ ಹಾಕಿದಾಗ ಬರುವ ಗುಲಾಬಿ ಬಣ್ಣವನ್ನು ಕಿವಿಯಿಂದ ತಿಳಿಯಬಹುದು. ನಿಮ್ಮ ವಿಷಯ ಪರಿವೀಕ್ಷಕರು ಜೋಡಿಸಿ ನೋಡಲಿ ಎಂದೇ ವಿವರ ಬರೆಯುತ್ತಿದ್ದೇವೆ. ಬೇಕಾದುದು ಬೆಳಕನ್ನು ಸದ್ದಾಗಿಸುವ ಪುಟ್ಟ ಸರ್ಕ್ಯೂಟ್: 555 ಟೈಮರ್ ಐಸಿ, 9 ವೋಲ್ಟ್ ಬ್ಯಾಟರಿ. 8 ಮತ್ತು 7ನೇ ಪಿನ್ನುಗಳ ನಡುವೆ 1 ಕಿಲೋ ಓಮ್ ರೋಧಕ, 7 ಮತ್ತು 6ರ ನಡುವೆ ಬೆಳಕು ಬಿದ್ದಷ್ಟೂ ರೋಧ ತಗ್ಗುವ ಎಲ್‌ಡಿಆರ್. 4ನ್ನು 8ಕ್ಕೆ, 2ನ್ನು 6ಕ್ಕೆ ಸೇರಿಸಿ, 6ರಿಂದ ಬ್ಯಾಟರಿಯ ಋಣ ತುದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. 1ನೇ ಪಿನ್ ಋಣಕ್ಕೆ, 8 ಧನಕ್ಕೆ. 3ನೇ ಪಿನ್ನಿನಿಂದ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಪುಟ್ಟ ಸ್ಪೀಕರಿಗೆ, ಅದರ ಇನ್ನೊಂದು ತುದಿ ಋಣಕ್ಕೆ. ಎಲ್‌ಡಿಆರ್‌ಗೆ ಬೆಳಕು ಹೆಚ್ಚು ಬಿದ್ದಷ್ಟೂ ಸ್ವರ ಏರುತ್ತದೆ.

ಪ್ರನಾಳದ ಒಂದು ಬದಿ ಹಸಿರು ಎಲ್‌ಇಡಿ, ಎದುರಿಗೆ ಎಲ್‌ಡಿಆರ್. ಗುಲಾಬಿ ದ್ರಾವಣ ಹಸಿರು ಬೆಳಕನ್ನು ಹೀರುವುದರಿಂದ ಸ್ವರ ತಗ್ಗಿರುತ್ತದೆ. ಆಮ್ಲ ಹನಿಹನಿಯಾಗಿ ಬಿದ್ದು ಬಣ್ಣ ಹೋದಾಗ ಏರುತ್ತದೆ. ಕೆಂಪು ಎಲ್‌ಇಡಿ ಹಾಕಿದರೆ ವ್ಯತ್ಯಾಸವೇ ಕೇಳುವುದಿಲ್ಲ. 2 ಮಿಲಿಲೀಟರ್ ದ್ರಾವಣ ಪ್ರನಾಳದ ತಳದಲ್ಲಿ ಒಂದೆರಡು ಸೆಂಟಿಮೀಟರಿನಷ್ಟೇ ನಿಲ್ಲುತ್ತದೆ, ಎಲ್‌ಇಡಿಯೂ ಅಷ್ಟೇ ಕೆಳಗಿರಬೇಕು. ಕಿಟಕಿಯ ಬೆಳಕು ಬೀಳದಂತೆ ಸುತ್ತ ಕಪ್ಪು ಕಾಗದ ಸುತ್ತಿ, ಪ್ರತಿ ಹನಿಯ ನಂತರ ಪ್ರನಾಳ ಅಲುಗಾಡಿಸಬೇಕು.

ಚಿತ್ರಗಳ ವಿಷಯದಲ್ಲಿ ಆಗುವ ತಪ್ಪು ದೊಡ್ಡದು. ಅಚ್ಚಿನ ಹೃದಯದ ಚಿತ್ರವನ್ನೇ ಉಬ್ಬುಗೆರೆಗೆ ಇಳಿಸಿದರೆ ಕವಾಟ, ರಕ್ತನಾಳ, ಹೆಸರಿನ ಗೆರೆ ಎಲ್ಲ ಬೆರಳಿಗೆ ಒಂದೇ ಗೋಜಲು. ಗೆರೆಗೂ ಗೆರೆಗೂ ಕನಿಷ್ಠ 3 ಮಿಲಿಮೀಟರ್ ಅಂತರ ಬೇಕು. ಮೊದಲ ಹಾಳೆಯಲ್ಲಿ ಬರೀ ಹೊರ ಆಕಾರ, ಎರಡನೆಯದರಲ್ಲಿ ನಾಲ್ಕು ಕೋಣೆ, ಮೂರನೆಯದರಲ್ಲಿ ರಕ್ತ ಹರಿಯುವ ದಾರಿ. ಐಐಟಿ ದೆಹಲಿಯಲ್ಲಿ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದ ಸ್ಪರ್ಶಚಿತ್ರಗಳು ಆಗಲೇ ಸಿದ್ಧವಾಗಿವೆ. ನಮ್ಮ ಪುಸ್ತಕವೂ ಅದರ ಅನುವಾದವೇ ಆದ್ದರಿಂದ ಹೆಸರುಗಳನ್ನು ಕನ್ನಡ ಬ್ರೈಲಿಗೆ ಬದಲಿಸಿದರೆ ಕೆಲಸದ ಬಹುಭಾಗ ಮುಗಿಯಿತು.

ಬ್ರೈಲ್ ಮುದ್ರಣಕ್ಕೆ ಕೊಡುವ ಮುನ್ನ ಒಂದು ಎಚ್ಚರ. ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲಿನ ‘ಹ’ ಮತ್ತು ಜಲಜನಕದ ‘ಎಚ್’ ಎರಡಕ್ಕೂ 1, 2, 5ನೇ ಚುಕ್ಕಿಗಳೇ. ಸೂತ್ರ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬ ಗುರುತನ್ನು ರಾಜ್ಯಕ್ಕೆಲ್ಲ ಒಂದೇ ರೀತಿ ಗೊತ್ತುಮಾಡಿ, ಎಂಟನೇ ತರಗತಿಯಿಂದಲೇ ಕಲಿಸಬೇಕು.

ಪರೀಕ್ಷೆಯಲ್ಲಿ ‘ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂಬ ಪ್ರಶ್ನೆಗೆ ಅಷ್ಟೇ ಅಂಕದ ಪರ್ಯಾಯ ಪ್ರಶ್ನೆ ಕೊಡಿ: ಭಾಗಗಳು ಎಲ್ಲೆಲ್ಲಿವೆ, ಯಾವುದು ಯಾವುದಕ್ಕೆ ಸೇರಿದೆ ಎಂದು ಮಾತಿನಲ್ಲಿ ವಿವರಿಸಲಿ. ಮಗು ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆದುಕೊಡುವ ಕೆಳ ತರಗತಿಯ ಲಿಪಿಕಾರರು ಸಮೀಕರಣ ಬರೆಯಲು ತಡವರಿಸುತ್ತಾರೆ; ‘ಎಚ್, ಕೆಳಗೆ ಎರಡು’ ಎಂದು ಹೇಳಿ ಬರೆಸುವ ಅಭ್ಯಾಸ ಇಬ್ಬರಿಗೂ ಪರೀಕ್ಷೆಗೆ ಮೊದಲೇ ಆಗಿರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಮು ಪಠ್ಯಕ್ರಮ ಮತ್ತು ಪರೀಕ್ಷೆಯಲ್ಲಿ ತಕ್ಕ ಮಾರ್ಪಾಡು ಮಾಡಲು ಹೇಳುತ್ತದೆ. 18 ವರ್ಷದವರೆಗೆ ಪುಸ್ತಕ, ಸಾಧನಗಳನ್ನು ಉಚಿತವಾಗಿ ಕೊಡಲೂ ಹೇಳುತ್ತದೆ.

ಕಣ್ಣು ಕಾಣದ ದೆಹಲಿಯ ಕಾರ್ತಿಕ್ ಸಾಹ್ನಿ 2013ರಲ್ಲಿ ಸಿಬಿಎಸ್‌ಇ 12ನೇ ತರಗತಿಯನ್ನು ವಿಜ್ಞಾನ ವಿಭಾಗದಲ್ಲಿ ಶೇ 96 ಅಂಕಗಳೊಂದಿಗೆ ಮುಗಿಸಿದರು. ಕಣ್ಣು ಕಾಣದವರಿಗೆ ಇದು ಆಗುವ ಮಾತೇ ಎಂಬ ಪ್ರಶ್ನೆಯನ್ನು ದಯವಿಟ್ಟು ಮತ್ತೆ ಎತ್ತಬೇಡಿ.

ನಮ್ಮ ಕೋರಿಕೆ ಇಷ್ಟು. ಈ ಮಕ್ಕಳು ಓದುವ ಪ್ರತಿ ಪ್ರೌಢಶಾಲೆಗೆ ಸಿರಿಂಜ್, ಬೆಳಕಿನ ಸದ್ದುಪೆಟ್ಟಿಗೆ, ಸ್ಪರ್ಶಚಿತ್ರಗಳ ಒಂದು ಕಿಟ್. ವಿಜ್ಞಾನ ಶಿಕ್ಷಕರಿಗೂ, ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ ಬ್ಲಾಕ್ ಮಟ್ಟದ ಬಿಐಇಆರ್‌ಟಿ ಶಿಕ್ಷಕರಿಗೂ ಒಂದೇ ಕೋಣೆಯಲ್ಲಿ, ಅದನ್ನು ಕೈಯಾರೆ ಬಳಸುವ ತರಬೇತಿ. ಪರ್ಯಾಯ ವಿಷಯದ ಅರ್ಜಿಗೆ ಸಹಿ ಹಾಕಿಸುವ ಮೊದಲು, ಮಗು ಈ ಕಿಟ್ ಹಿಡಿದು ಕನಿಷ್ಠ ಒಂದು ವರ್ಷ ಪ್ರಯೋಗ ಮಾಡಿದೆ ಎಂದು ಮುಖ್ಯೋಪಾಧ್ಯಾಯರು ಬರೆದು ದೃಢೀಕರಿಸಲಿ.

ಇಂತಿ,
ದೃಷ್ಟಿ ವಿಶೇಷಚೇತನ ಮಕ್ಕಳಿಗೆ ವಿಜ್ಞಾನ ಕಲಿಸುವ ಶಿಕ್ಷಕರು