ವಾಲ್ಥಮ್ ಗಡಿಯಾರ ಮತ್ತು ನಮ್ಮೂರಿನ ರಿಪೇರಿಗಾರರು

ಮಾನ್ಯ ಸಂಪಾದಕರೇ,

ನಮ್ಮ ತಾತನವರ ಜೇಬುಗಡಿಯಾರವನ್ನು ಇಲ್ಲಿನ ಮಂಡಿಪೇಟೆಯ ಹಿರಿಯ ರಿಪೇರಿಗಾರರೊಬ್ಬರು ಬಿಚ್ಚಿದಾಗ ಒಳಗೆ ‘ವಾಲ್ಥಮ್’ ಎಂಬ ಹೆಸರೂ ಒಂದು ಕ್ರಮಸಂಖ್ಯೆಯೂ ಕಂಡವು. ಆ ಅಮೆರಿಕನ್ ಕಂಪನಿಯ ಚರಿತ್ರೆ ನಮ್ಮ ಓದುಗರಿಗೂ ತಿಳಿಯಬೇಕೆಂದು ಈ ಪತ್ರ.

1850ರಲ್ಲಿ ಮ್ಯಾಸಚೂಸೆಟ್ಸ್‌ನ ರಾಕ್ಸ್‌ಬರಿಯಲ್ಲಿ ಆರನ್ ಡೆನಿಸನ್, ಎಡ್ವರ್ಡ್ ಹೋವರ್ಡ್ ಮೊದಲಾದವರು ಆರಂಭಿಸಿ, 1854ರಲ್ಲಿ ಚಾರ್ಲ್ಸ್ ನದಿ ದಂಡೆಯ ವಾಲ್ಥಮ್‌ಗೆ ಸ್ಥಳಾಂತರಿಸಿದ ಈ ಕಂಪನಿಯು, ಕುಶಲಕರ್ಮಿಗಳು ಪ್ರತಿ ಭಾಗವನ್ನೂ ಕೈಯಿಂದಲೇ ಉಜ್ಜಿ ಹೊಂದಿಸುತ್ತಿದ್ದ ಕಾಲದಲ್ಲಿ, ಒಂದರ ಚಕ್ರ ಇನ್ನೊಂದಕ್ಕೂ ಕೂರುವಂತೆ ಒಂದೇ ಅಳತೆಯ ಬಿಡಿಭಾಗಗಳನ್ನು ಯಂತ್ರಗಳಿಂದ ತಯಾರಿಸುವ ಸಾಹಸಕ್ಕೆ ಕೈಹಾಕಿತು. ಆ ಸಾಹಸಕ್ಕೆ ತೆತ್ತ ಬೆಲೆ ಸಣ್ಣದಲ್ಲ: 1857ರಲ್ಲಿ ಕಂಪನಿ ದಿವಾಳಿಯಾಗಿ ಹರಾಜಿಗೆ ಬಂತು. ರಾಯಲ್ ರಾಬಿನ್ಸ್ ಎಂಬ ವ್ಯಾಪಾರಿ ಅದನ್ನು ಕೊಂಡ ಬಳಿಕ ಚೇತರಿಸಿಕೊಂಡು, ಅಮೆರಿಕದ ಅಂತರ್ಯುದ್ಧದ ಸೈನಿಕರಿಗೆ ಕೈಗೆಟುಕುವ ‘ವಿಲಿಯಂ ಎಲರಿ’ ಗಡಿಯಾರಗಳನ್ನು ಮಾರಿತು. 1876ರ ಫಿಲಡೆಲ್ಫಿಯಾ ವಿಶ್ವ ಪ್ರದರ್ಶನದ ಹೊತ್ತಿಗೆ ಅಮೆರಿಕಕ್ಕೆ ಬಂದು ಇಂಥ ಕಾರ್ಖಾನೆಗಳನ್ನು ಕಂಡ ಸ್ವಿಸ್ ಗಡಿಯಾರ ಕಂಪನಿ ಲಾಂಜಿನ್ಸ್‌ನ ಜಾಕ್ ಡೇವಿಡ್, ಸ್ವಿಸ್ ತಯಾರಕರನ್ನು ಎಚ್ಚರಿಸುವ ವರದಿಯನ್ನೇ ಬರೆದರು. ಗಡಿಯಾರದ ತವರಿಗೇ ಪಾಠ ಹೇಳಿದ ಈ ಕಂಪನಿಯೂ 1957ರಲ್ಲಿ ಗಡಿಯಾರ ತಯಾರಿಕೆ ನಿಲ್ಲಿಸಿತೆಂಬುದು ಮನಸ್ಸಿಗೆ ನೋವು ತರುತ್ತದೆ. 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಆರಂಭಿಸಿದ ನಮ್ಮ ಎಚ್‌ಎಂಟಿಯೂ ಇದೇ ಹಾದಿ ಹಿಡಿದದ್ದನ್ನು ಕಂಡವರು ನಾವು.

ಕ್ರಮಸಂಖ್ಯೆಯಿಂದ ವಾಲ್ಥಮ್ ಗಡಿಯಾರ ತಯಾರಾದ ವರ್ಷವನ್ನು ಸುಮಾರಾಗಿ ಗುರುತಿಸಬಹುದು. ಆದ್ದರಿಂದ ಹಳೆಯ ಗಡಿಯಾರಗಳನ್ನು ಯಾರೂ ಗುಜರಿಗೆ ಹಾಕದಿರಲಿ. ದಾವಣಗೆರೆಯಲ್ಲಿ ಇಂದಿಗೂ ಈ ಕೆಲಸ ಬಲ್ಲ ಕೆಲವೇ ರಿಪೇರಿಗಾರರ ಅನುಭವವನ್ನು ತಮ್ಮ ಪತ್ರಿಕೆಯು ದಾಖಲಿಸಬೇಕೆಂದು ವಿನಂತಿಸುತ್ತೇನೆ.

— ಓರ್ವ ಓದುಗ, ದಾವಣಗೆರೆ