ಸಂಸದರ ಹಾಜರಿಯ ಜೊತೆ ಅವರ ಮತವನ್ನೂ ಪ್ರಕಟಿಸಿ

ಮಾನ್ಯ ಸಂಪಾದಕರೇ,

ಲೋಕಸಭಾ ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಸಂಸದರ ಸಾಧನೆಯ ಪಟ್ಟಿಯೊಂದು ಅಚ್ಚಾಗುತ್ತದೆ. ಹಾಜರಿ ಶೇಕಡಾ ಇಷ್ಟು, ಕೇಳಿದ ಪ್ರಶ್ನೆಗಳು ಇಷ್ಟು, ಭಾಗವಹಿಸಿದ ಚರ್ಚೆಗಳು ಇಷ್ಟು, ಪ್ರದೇಶಾಭಿವೃದ್ಧಿ ನಿಧಿಯಿಂದ ಖರ್ಚಾದದ್ದು ಇಷ್ಟು ಎಂಬ ನಾಲ್ಕು ಸಾಲುಗಳಲ್ಲಿ ಒಬ್ಬ ಜನಪ್ರತಿನಿಧಿಯ ಐದು ವರ್ಷಗಳು ಮುಗಿದುಹೋಗುತ್ತವೆ. ಅವರು ಸದನದಲ್ಲಿ ಯಾವ ಮಸೂದೆಯ ಪರವಾಗಿ ಮತ ಹಾಕಿದರು, ಯಾವುದನ್ನು ವಿರೋಧಿಸಿದರು, ಯಾವುದು ಮತಕ್ಕೆ ಬಂದಾಗ ಸದನದಲ್ಲಿಯೇ ಇರಲಿಲ್ಲ ಎಂಬ ವಿವರ ಆ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ನಾವು ಸಂಸದರನ್ನು ದೆಹಲಿಗೂ ಶಾಸಕರನ್ನು ತಿರುವನಂತಪುರಕ್ಕೂ ಕಳುಹಿಸುವುದೇ ನಮ್ಮ ಪರವಾಗಿ ಮತ ಹಾಕಲಿಕ್ಕೆ. ಆ ಮತದ ಲೆಕ್ಕವೇ ಮತದಾರನಿಗೆ ಸಿಗದಿರುವುದು ಸಣ್ಣ ಕೊರತೆಯಲ್ಲ. ಕಾಸರಗೋಡಿನ ಕನ್ನಡ ಓದುಗರ ಮಟ್ಟಿಗೆ ಅದು ಉಳಿದವರಿಗಿಂತ ಒಂದು ಪಟ್ಟು ಹೆಚ್ಚಾಗಿದೆ ಎಂದು ತೋರಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಹಾಜರಿಯ ವಿಷಯ. ಲೋಕಸಭೆಯಲ್ಲಿ ಸದಸ್ಯರು ದಿನಭತ್ಯೆಗಾಗಿ ಹಾಜರಿ ದಾಖಲಿಸುತ್ತಾರೆ. ಸಚಿವರಿಗೆ ಈ ನಿಯಮ ಅನ್ವಯಿಸುವುದಿಲ್ಲವಾದ್ದರಿಂದ ಅವರ ಹಾಜರಿಯ ಶೇಕಡಾವಾರು ಲೆಕ್ಕ ಎಲ್ಲಿಯೂ ಸಿಗದು. ಉಳಿದವರ ಹಾಜರಿ ದಾಖಲೆ ಅವರು ಆ ದಿನ ಬಂದಿದ್ದರು ಎಂಬುದನ್ನಷ್ಟೇ ಹೇಳುತ್ತದೆ. ಬೆಳಿಗ್ಗೆ ಹಾಜರಿ ದಾಖಲಿಸಿದವರು ಸಂಜೆ ಮಸೂದೆ ಅಂಗೀಕಾರವಾಗುವಾಗ ಆಸನದಲ್ಲಿದ್ದರೇ ಎಂಬುದು ಅದರಿಂದ ತಿಳಿಯುವುದಿಲ್ಲ. ಹಾಜರಿಯನ್ನು ಗಮನಿಸಬಾರದೆಂದು ನಾನು ಹೇಳುತ್ತಿಲ್ಲ. ಅದರ ಮೇಲೆ ಹೊರಿಸಬಹುದಾದ ಭಾರಕ್ಕೆ ಮಿತಿಯಿದೆ.

ಪ್ರಶ್ನೆಗಳ ಸಂಖ್ಯೆಯೂ ಹೀಗೆಯೇ ದಾರಿ ತಪ್ಪಿಸಬಲ್ಲದು. ಲೋಕಸಭೆಯಲ್ಲಿ ದಿನವೊಂದಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳೂ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳೂ ಪಟ್ಟಿಗೆ ಸೇರುತ್ತವೆ. ಸಚಿವರು ಎದ್ದು ನಿಂತು ಉತ್ತರಿಸಿ, ಸದಸ್ಯರು ಉಪಪ್ರಶ್ನೆ ಕೇಳಿ ಕೆಣಕಬಹುದಾದದ್ದು ಮೊದಲನೆಯ ಬಗೆಯವನ್ನು ಮಾತ್ರ. ಅವುಗಳಲ್ಲಿಯೂ ಒಂದು ಗಂಟೆಯೊಳಗೆ ಸರದಿ ಬರುವುದು ಕೆಲವಕ್ಕಷ್ಟೇ. ಉಳಿದವುಗಳಿಗೆಲ್ಲ ಲಿಖಿತ ಉತ್ತರವೇ ಗತಿ. ಒಂದೇ ವಿಷಯದ ಮೇಲೆ ಹಲವರು ಕೊಟ್ಟ ಪ್ರಶ್ನೆಗಳನ್ನು ಕೂಡಿಸಿ ಎಲ್ಲರ ಹೆಸರನ್ನೂ ಒಂದೇ ಪ್ರಶ್ನೆಯ ಕೆಳಗೆ ಹಾಕುವ ಪದ್ಧತಿಯೂ ಇರುವುದರಿಂದ, ಒಬ್ಬ ಸದಸ್ಯರ ಖಾತೆಯಲ್ಲಿರುವ ಪ್ರಶ್ನೆಗಳಲ್ಲಿ ಸ್ವಂತ ಕಾಳಜಿಯಿಂದ ಹುಟ್ಟಿದವೆಷ್ಟು, ಗುಂಪಿನಲ್ಲಿ ಸೇರಿದವೆಷ್ಟು ಎಂದು ಒಟ್ಟು ಸಂಖ್ಯೆ ನೋಡಿ ಹೇಳಲಾಗದು.

ಆದ್ದರಿಂದ ನಮಗೆ ಬೇಕಾದದ್ದು ಪ್ರಶ್ನೆ ಮತ್ತು ಅದಕ್ಕೆ ಬಂದ ಉತ್ತರ. ಉದಾಹರಣೆಗೆ, ಸುಪ್ರೀಂ ಕೋರ್ಟು 2011ರಲ್ಲಿ ಎಂಡೋಸಲ್ಫಾನ್ ಕೀಟನಾಶಕವನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಆ ಪರಿಹಾರದಲ್ಲಿ ಕೇಂದ್ರದ ಪಾಲೇನು ಎಂಬುದರ ಬಗ್ಗೆ ನಮ್ಮ ಸಂಸದರು ಏನು ಕೇಳಿದರು, ಸಚಿವರು ಏನೆಂದರು ಎಂಬುದನ್ನು ಎಣ್ಮಕಜೆಯ ಒಬ್ಬ ತಾಯಿ ತನ್ನ ಭಾಷೆಯಲ್ಲಿ ಓದುವಂತಿರಬೇಕು. ಕಾಞಂಗಾಡು–ಕಾಣಿಯೂರು ರೈಲು ಮಾರ್ಗದ ಬೇಡಿಕೆಯೂ, ತಲಪಾಡಿಯಿಂದ ದಕ್ಷಿಣಕ್ಕೆ ಷಟ್ಪಥವಾಗುತ್ತಿರುವ ರಾಷ್ಟ್ರೀಯ ಹೆದ್ದಾರಿ 66ರ ಅಡ್ಡದಾರಿ, ಚರಂಡಿಗಳ ಗೋಳೂ ಹಾಗೆಯೇ. ಸಚಿವರು ಸದನದಲ್ಲಿ ‘ಪರಿಶೀಲಿಸಲಾಗುವುದು’ ಎಂದು ಮಾತು ಕೊಟ್ಟರೆ ಅದು ಗಾಳಿಯಲ್ಲಿ ಹೋಗುವ ಮಾತಲ್ಲ. ಅಂಥ ಮಾತುಗಳನ್ನು ಪಟ್ಟಿ ಮಾಡಿ, ಮೂರು ತಿಂಗಳ ಅವಧಿಯಲ್ಲಿ ಈಡೇರಿದವೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿಯೆಂಬುದೇ ಸಂಸತ್ತಿನಲ್ಲಿದೆ. ಉತ್ತರವನ್ನು ಕನ್ನಡದಲ್ಲಿ ಪ್ರಕಟಿಸಿದ ಪತ್ರಿಕೆ ಮೂರು ತಿಂಗಳ ನಂತರ ಅದೇ ಉತ್ತರವನ್ನು ಕೈಯಲ್ಲಿ ಹಿಡಿದು ಮತ್ತೆ ಕೇಳಬಹುದು.

ಪ್ರಶ್ನೋತ್ತರ ವೇಳೆಯ ಬೆಲೆ ನಮಗೆ ತಿಳಿದದ್ದು ಅದು ಇಲ್ಲವಾದಾಗ. 2020ರ ಮಾರ್ಚ್ ತಿಂಗಳಲ್ಲಿ ಕರ್ನಾಟಕವು ಗಡಿ ರಸ್ತೆಗಳನ್ನು ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಮಂಜೇಶ್ವರ, ಕಾಸರಗೋಡು ತಾಲೂಕುಗಳ ರೋಗಿಗಳು ತಲಪಾಡಿಯಲ್ಲಿ ತಡೆಯಲ್ಪಟ್ಟಾಗ ಸಂಸತ್ತು ಆಗಷ್ಟೇ ಅನಿರ್ದಿಷ್ಟ ಕಾಲಕ್ಕೆ ಮುಂದೂಡಲ್ಪಟ್ಟಿತ್ತು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಸೆಪ್ಟೆಂಬರಿನಲ್ಲಿ ಸಂಸತ್ತು ಮತ್ತೆ ಸೇರಿದಾಗ, ಸಾಂಕ್ರಾಮಿಕದ ಕಾರಣಕ್ಕೆ ಆ ಅಧಿವೇಶನದ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಗಿತ್ತು. ಲಿಖಿತ ಉತ್ತರಗಳು ಮಾತ್ರ ಉಳಿದಿದ್ದವು. ಗಡಿಯಲ್ಲಿ ಬದುಕುವ ಜನರಿಗೆ ಎರಡು ರಾಜ್ಯಗಳ ನಡುವಿನ ಇಂಥ ವಿಚಾರವನ್ನು ಎತ್ತಲು ಸಂಸತ್ತಿಗಿಂತ ಸೂಕ್ತವಾದ ವೇದಿಕೆ ಬೇರೊಂದಿಲ್ಲ. ಆ ವೇದಿಕೆಯಲ್ಲಿ ಸಚಿವರನ್ನು ಎದುರಿಗೆ ನಿಲ್ಲಿಸಿ ಕೇಳುವ ಅವಕಾಶ ನಮ್ಮ ಅತ್ಯಂತ ಕಷ್ಟದ ವರ್ಷದಲ್ಲಿಯೇ ತಪ್ಪಿಹೋಯಿತು.

ಈಗ ಮತದ ಮಾತಿಗೆ ಬರುತ್ತೇನೆ. ಸಂವಿಧಾನದ 100ನೆಯ ವಿಧಿಯಂತೆ ಸದನದ ತೀರ್ಮಾನಗಳೆಲ್ಲ ಹಾಜರಿದ್ದು ಮತ ಹಾಕಿದವರ ಬಹುಮತದಿಂದ ಆಗಬೇಕು. ರೂಢಿಯಲ್ಲಿ ಬಹುಪಾಲು ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಒಪ್ಪುವವರು ‘ಹೌದು’ ಎನ್ನುತ್ತಾರೆ, ಒಪ್ಪದವರು ‘ಇಲ್ಲ’ ಎನ್ನುತ್ತಾರೆ, ಯಾವ ಕಡೆಯ ಧ್ವನಿ ದೊಡ್ಡದೆಂದು ಸಭಾಧ್ಯಕ್ಷರು ತೀರ್ಮಾನಿಸುತ್ತಾರೆ. ಯಾರು ಏನೆಂದರು ಎಂಬುದಕ್ಕೆ ಯಾವ ದಾಖಲೆಯೂ ಉಳಿಯುವುದಿಲ್ಲ. ಸದಸ್ಯರು ಆಕ್ಷೇಪಿಸಿ ಮತ ವಿಭಜನೆ ಕೇಳಿದರೆ ಮಾತ್ರ ಯಂತ್ರದ ಮೂಲಕ ಮತ ಹಾಕಿ, ಪರ–ವಿರೋಧ ಹೆಸರುಗಳು ಕಲಾಪದ ವರದಿಯಲ್ಲಿ ಅಚ್ಚಾಗುತ್ತವೆ. ವಿಭಜನೆಯ ಬೇಡಿಕೆ ಅನಗತ್ಯವೆಂದು ಕಂಡರೆ ಸದಸ್ಯರನ್ನು ನಿಂತಲ್ಲಿಯೇ ಎಣಿಸುವ ಅಧಿಕಾರ ಸಭಾಧ್ಯಕ್ಷರಿಗಿದೆ. ಆಗಲೂ ಹೆಸರುಗಳು ದಾಖಲಾಗುವುದಿಲ್ಲ.

ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾಗಿರುವುದರಿಂದ ಅಲ್ಲಿ ವಿಭಜನೆ ತಪ್ಪದು. 2019ರ ಜನವರಿಯಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆ ಶೇಕಡಾ 10ರ ಮೀಸಲಾತಿ ಕೊಡುವ ಮಸೂದೆ ಲೋಕಸಭೆಯಲ್ಲಿ 323–3 ಮತಗಳಿಂದ ಅಂಗೀಕಾರವಾಯಿತು. ಆ ಮೂವರಲ್ಲಿ ಇಬ್ಬರು ಕೇರಳದ ಮುಸ್ಲಿಂ ಲೀಗ್ ಸದಸ್ಯರೆಂದು ನಮಗಿಂದು ಖಚಿತವಾಗಿ ಗೊತ್ತಿರುವುದು ಹೆಸರು ದಾಖಲಾದದ್ದರಿಂದ. 2023ರ ಸೆಪ್ಟೆಂಬರಿನ ಮಹಿಳಾ ಮೀಸಲಾತಿ ಮಸೂದೆ 454–2 ಎಂದಾಯಿತು. ಸಾಮಾನ್ಯ ಮಸೂದೆಯಾದರೂ 2025ರ ಏಪ್ರಿಲಿನಲ್ಲಿ ವಕ್ಫ್ ತಿದ್ದುಪಡಿಯನ್ನು ವಿಭಜನೆಗೆ ಹಾಕಿ, 288–232 ಎಂಬ ಫಲಿತಾಂಶ ಬಂತು. ಒಬ್ಬ ಸದಸ್ಯರ ನಿಲುವನ್ನು ಅನುಮಾನವಿಲ್ಲದೆ ತಿಳಿಯಬಹುದಾದದ್ದು ಇಂಥ ಕೆಲವೇ ದಿನಗಳಲ್ಲಿ. ಆ ದಿನಗಳ ಮಾಹಿತಿಯನ್ನಾದರೂ ನಮ್ಮ ಜಿಲ್ಲೆಯ ಮತದಾರರಿಗೆ ತಲುಪಿಸಬಾರದೇ?

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಕಣ್ಣ ಮುಂದಿದೆ. ಹಳೆಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳ ಬದಲಿಗೆ ಬಂದ ಮೂರು ಕಾನೂನುಗಳು ಇಡೀ ದೇಶದ ಪ್ರತಿಯೊಬ್ಬರನ್ನೂ ಮುಟ್ಟುವಂಥವು. 2023ರ ಡಿಸೆಂಬರಿನಲ್ಲಿ ಲೋಕಸಭೆ ಅವನ್ನು ಧ್ವನಿಮತದಿಂದ ಅಂಗೀಕರಿಸಿದಾಗ ವಿರೋಧ ಪಕ್ಷಗಳ ಬಹುಪಾಲು ಸದಸ್ಯರು ಅಮಾನತಿನಲ್ಲಿದ್ದರು. ಅಮಾನತು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಆ ಕಾನೂನುಗಳ ವಿಷಯದಲ್ಲಿ ಯಾವ ಸದಸ್ಯರ ಹೆಸರಿನ ಮುಂದೆಯೂ ‘ಪರ’ ಎಂದಾಗಲಿ ‘ವಿರೋಧ’ ಎಂದಾಗಲಿ ಬರೆಯಲು ಬರುವುದಿಲ್ಲ ಎಂಬುದಷ್ಟೇ ನನ್ನ ಚಿಂತೆ.

ವಿಧಾನಸಭೆಯಲ್ಲೂ ಇದೇ ಕಥೆ. 2020ರ ಡಿಸೆಂಬರ್ 31ರಂದು ಕೃಷಿ ಕಾನೂನುಗಳ ವಿರುದ್ಧ ಕೇರಳ ವಿಧಾನಸಭೆ ನಿರ್ಣಯವೊಂದನ್ನು ಅಂಗೀಕರಿಸಿದಾಗ, ಬಿಜೆಪಿಯ ಏಕೈಕ ಸದಸ್ಯರಾಗಿದ್ದ ಓ. ರಾಜಗೋಪಾಲ್ ಅವರು ವಿಭಜನೆ ಕೇಳಲಿಲ್ಲ. ನಿರ್ಣಯವನ್ನು ಬೆಂಬಲಿಸಿದೆನೆಂದು ಮೊದಲು ಹೇಳಿದ ಅವರು, ಅನಂತರ ಹೇಳಿಕೆ ಕೊಟ್ಟು ತಾವು ವಿರೋಧಿಸಿದ್ದಾಗಿ ಸ್ಪಷ್ಟಪಡಿಸಿದರು. ಒಬ್ಬ ಹಿರಿಯ ಸದಸ್ಯರ ಮತ ಯಾವ ಕಡೆಗಿತ್ತೆಂಬುದೇ ವಿವಾದವಾಗುವ ಸ್ಥಿತಿ ಬಂದದ್ದು ಹೆಸರು ದಾಖಲಾಗದ ಪದ್ಧತಿಯಿಂದ. ಹಿಂದೆ ಇದೇ ಸಭೆಯಲ್ಲಿ ಪ್ರತಿಯೊಂದು ಮತಕ್ಕೂ ಪ್ರಾಣದ ಬೆಲೆಯಿದ್ದ ಕಾಲವೊಂದಿತ್ತು. 1981ರ ಕೊನೆಯಲ್ಲಿ ಅಧಿಕಾರಕ್ಕೆ ಬಂದ ಕೆ. ಕರುಣಾಕರನ್ ಮಂತ್ರಿಮಂಡಲ ಸಭಾಧ್ಯಕ್ಷ ಎ.ಸಿ. ಜೋಸ್ ಅವರ ನಿರ್ಣಾಯಕ ಮತದ ಬಲದಿಂದ ಉಸಿರು ಹಿಡಿದುಕೊಂಡು, ಒಬ್ಬ ಸದಸ್ಯರು ಬೆಂಬಲ ಹಿಂತೆಗೆದುಕೊಂಡೊಡನೆ 1982ರ ಮಾರ್ಚಿನಲ್ಲಿ ಬಿತ್ತು. ಆಗ ಮಂಜೇಶ್ವರದ ಪ್ರತಿನಿಧಿ ಎದುರು ಪಾಳಯದಲ್ಲಿದ್ದ ಡಾ. ಎ. ಸುಬ್ಬರಾವ್ ಅವರು, ಅವರ ಒಂದು ಮತವೂ ಆ ಸಮತೂಕದ ಭಾಗವಾಗಿತ್ತು. ಅದೇ ಮಂಜೇಶ್ವರದಲ್ಲಿ 2016ರ ಚುನಾವಣೆ 89 ಮತಗಳ ಅಂತರದಲ್ಲಿ ತೀರ್ಮಾನವಾಯಿತು, ಆ ಮತಗಳ ಬಗ್ಗೆ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ವಾದ ನಡೆಯಿತು. ನಮ್ಮ ಮತಗಳನ್ನು ಒಂದೊಂದಾಗಿ ಜರಡಿ ಹಿಡಿದ ನಾವು, ಆ ಮತಗಳಿಂದ ಗೆದ್ದವರು ಸಭೆಯಲ್ಲಿ ಹಾಕಿದ ಮತವನ್ನು ಅಷ್ಟೇ ಆಸಕ್ತಿಯಿಂದ ನೋಡಿದ್ದೇವೆಯೇ?

ಹೀಗೆಯೇ ಮತ ಹಾಕಬೇಕೆಂಬ ಪಕ್ಷದ ಆಜ್ಞೆ, ಅಂದರೆ ವಿಪ್, ಇರುವಾಗ ವೈಯಕ್ತಿಕ ಮತಕ್ಕೆ ಅರ್ಥವೇನು ಎಂದು ಕೆಲವು ಸ್ನೇಹಿತರು ಕೇಳುತ್ತಾರೆ. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ವಿಪ್ ಮೀರಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದೆಂಬುದು ನಿಜ. ಹಾಗೆಂದು ಮಾಹಿತಿ ವ್ಯರ್ಥವಾಗುವುದಿಲ್ಲ. ಪಕ್ಷದ ಆಜ್ಞೆ ಕ್ಷೇತ್ರದ ಹಿತಕ್ಕೆ ವಿರುದ್ಧವಾಗಿದ್ದರೆ ಮತದಾರರು ಆ ಪಕ್ಷವನ್ನೇ ಪ್ರಶ್ನಿಸಬಹುದು. ಗೈರುಹಾಜರಾದವರು ಯಾಕೆ ಗೈರಾದರೆಂದು ಕೇಳಬಹುದು. ಮೇಲಾಗಿ, ಪ್ರಶ್ನೆ ಕೇಳಲು, ತಿದ್ದುಪಡಿ ಸೂಚಿಸಲು, ಶೂನ್ಯ ವೇಳೆಯಲ್ಲಿ ಮಾತೆತ್ತಲು, ಸಚಿವರಲ್ಲದ ಸದಸ್ಯರು ಮಂಡಿಸುವ ಖಾಸಗಿ ಮಸೂದೆಗಳ ಶುಕ್ರವಾರದ ಅವಧಿಯನ್ನು ಬಳಸಿಕೊಳ್ಳಲು ವಿಪ್ ಅಡ್ಡ ಬರುವುದಿಲ್ಲ. ಖಾಸಗಿ ಮಸೂದೆಯೊಂದು ಸಂಸತ್ತಿನಲ್ಲಿ ಕೊನೆಯ ಬಾರಿ ಕಾನೂನಾದದ್ದು 1970ರಲ್ಲಿ. ಆದರೂ ಒಬ್ಬ ಸದಸ್ಯರು ಯಾವ ಖಾಸಗಿ ಮಸೂದೆಯನ್ನು ಮಂಡಿಸಿದರೆಂಬುದು ಅವರ ಮನಸ್ಸು ಎಲ್ಲಿದೆಯೆಂದು ತೋರಿಸುತ್ತದೆ.

ಪ್ರದೇಶಾಭಿವೃದ್ಧಿ ನಿಧಿಯ ಬಗ್ಗೆ ಒಂದೇ ಮಾತು. ವರ್ಷಕ್ಕೆ 5 ಕೋಟಿ ರೂಪಾಯಿಯ ಆ ನಿಧಿಯಿಂದ ಬಂದ ಹೈಮಾಸ್ಟ್ ದೀಪವೂ ಬಸ್ ತಂಗುದಾಣವೂ ಬೇಕಾದವೇ. ಆದರೆ ಅವು ಶಾಸನ ರೂಪಿಸುವ ಕೆಲಸವಲ್ಲ. ಅವುಗಳ ಫ್ಲೆಕ್ಸ್‌ಗಳ ಪಕ್ಕದಲ್ಲಿ ಸದನದ ಕೆಲಸ ಕಾಣದಂತಾಗಿದೆ.

ಕನ್ನಡಿಗರಿಗೆ ಈ ದೂರ ಇನ್ನೂ ಹೆಚ್ಚೇಕೆಂದರೆ, ಸಂಸತ್ತಿನ ದಾಖಲೆಗಳು ಹಿಂದಿ, ಇಂಗ್ಲಿಷ್‌ಗಳಲ್ಲಿವೆ, ಕೇರಳ ವಿಧಾನಸಭೆಯವು ಮುಖ್ಯವಾಗಿ ಮಲಯಾಳದಲ್ಲಿವೆ. ಎ.ಕೆ. ಗೋಪಾಲನ್ ಅವರಂಥ ಘಟಾನುಘಟಿ 1957ರಿಂದ ಸತತ ಮೂರು ಬಾರಿ ಪ್ರತಿನಿಧಿಸಿದ ಕ್ಷೇತ್ರವಿದು. 1980ರಿಂದ 1996ರವರೆಗೆ ಎಂ. ರಾಮಣ್ಣ ರೈ ಮತ್ತು ಐ. ರಾಮ ರೈ ಅವರ ಮೂಲಕ ಕನ್ನಡ ಬಲ್ಲವರೇ ಇಲ್ಲಿಂದ ದೆಹಲಿಗೆ ಹೋದರು. ಪಯ್ಯನ್ನೂರು, ಕಲ್ಯಾಶ್ಶೇರಿಗಳವರೆಗೆ ಹಬ್ಬಿರುವ ಕ್ಷೇತ್ರದಲ್ಲಿ ಪ್ರತಿನಿಧಿ ಮಲಯಾಳಿಯಾಗಿರುವುದು ಸಹಜ, ಅದರ ಬಗ್ಗೆ ನನ್ನ ದೂರಿಲ್ಲ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಅವರು ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ನಾವೆಲ್ಲ ಸಂತೋಷಪಟ್ಟೆವು, ಪತ್ರಿಕೆಗಳು ಮುಖಪುಟದಲ್ಲಿ ಬರೆದವು. ಆ ಪ್ರಮಾಣದ ನಂತರದ ವರ್ಷಗಳ ಕಲಾಪ ಕನ್ನಡದಲ್ಲಿ ಎಷ್ಟು ಅಚ್ಚಾಯಿತು?

2017ರಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. 2025ರ ಅಕ್ಟೋಬರಿನಲ್ಲಿ ಮಲಯಾಳ ಭಾಷಾ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾದ ಮೇಲೆ ಮತ್ತೆ ಆತಂಕ ಎದ್ದಿತು. ಬೀದಿಯ ಘೋಷಣೆಗಳು ಪತ್ರಿಕೆಗಳಲ್ಲಿ ಬಂದವು. ಸಭೆಯೊಳಗೆ ನಮ್ಮ ಜಿಲ್ಲೆಯ ಐವರು ಶಾಸಕರಲ್ಲಿ ಯಾರು ಯಾವ ತಿದ್ದುಪಡಿ ಸೂಚಿಸಿದರು, ಯಾರು ಮಾತನಾಡಿದರು, ಯಾರು ಸುಮ್ಮನಿದ್ದರು ಎಂಬುದು ಅಷ್ಟು ವಿವರವಾಗಿ ಬರಬೇಕಿತ್ತು. ಕೇಂದ್ರದಲ್ಲಿಯೂ ನಮಗೊಂದು ಸಾಧನವಿದೆ. ಸಂವಿಧಾನದ 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ವರದಿಗಳನ್ನು ಸಂಸತ್ತಿನ ಉಭಯ ಸದನಗಳಲ್ಲಿ ಮಂಡಿಸಬೇಕು. ಕಾಸರಗೋಡಿನಂಥ ಪ್ರದೇಶದ ಸಂಸದರು ಆ ವರದಿಯ ಬಗ್ಗೆ ಪ್ರಶ್ನೆ ಕೇಳಿದರೇ ಎಂಬುದು, ಯಾವ ಪಕ್ಷದವರೇ ಆಗಲಿ, ನಮ್ಮ ಅಳತೆಗೋಲಾಗಬೇಕು.

ಆದುದರಿಂದ ನನ್ನ ವಿನಂತಿ ಇಷ್ಟು. ಪ್ರತಿ ಅಧಿವೇಶನ ಮುಗಿದ ವಾರದಲ್ಲಿ ಒಂದು ಪುಟವನ್ನು ಇದಕ್ಕಾಗಿ ಮೀಸಲಿಡಿ. ನಮ್ಮ ಸಂಸದರು ಮತ್ತು ಐವರು ಶಾಸಕರು ಕೇಳಿದ ಪ್ರಶ್ನೆಗಳಲ್ಲಿ ಜಿಲ್ಲೆಗೆ ಸಂಬಂಧಿಸಿದವನ್ನು ಉತ್ತರ ಸಮೇತ ಪ್ರಕಟಿಸಿ. ಹೆಸರು ದಾಖಲಾದ ಪ್ರತಿ ವಿಭಜನೆಯಲ್ಲಿ ಅವರ ಮತವನ್ನು ತಿಳಿಸಿ. ಧ್ವನಿಮತದಿಂದ ಮುಗಿದ ಮುಖ್ಯ ಮಸೂದೆಗಳ ಬಗ್ಗೆ ಅವರ ನಿಲುವೇನೆಂದು ಬರವಣಿಗೆಯಲ್ಲಿ ಕೇಳಿ, ಉತ್ತರ ಬಂದರೆ ಉತ್ತರವನ್ನೂ ಬಾರದಿದ್ದರೆ ಬಂದಿಲ್ಲವೆಂಬುದನ್ನೂ ಹಾಕಿ. ಲೋಕಸಭೆಯ ಕಲಾಪ ಈಗ ಕನ್ನಡದಲ್ಲಿಯೂ ಏಕಕಾಲದ ಅನುವಾದದೊಂದಿಗೆ ದೊರೆಯುತ್ತಿರುವುದರಿಂದ ಈ ಕೆಲಸದ ಅರ್ಧ ಭಾರ ಇಳಿದಿದೆ. ವಿಧಾನಸಭೆಯ ಪ್ರಶ್ನೋತ್ತರಗಳನ್ನು ಮಲಯಾಳದಿಂದ ಕನ್ನಡಕ್ಕೆ ತರಲು ಎರಡೂ ಭಾಷೆ ಬಲ್ಲ ನಾವು ಕೆಲವರು ಸಿದ್ಧರಿದ್ದೇವೆ, ಸಂಭಾವನೆಯ ಅಪೇಕ್ಷೆಯಿಲ್ಲ. ಪತ್ರಿಕೆ ಒಪ್ಪಿದರೆ ಮುಂದಿನ ಅಧಿವೇಶನದಿಂದಲೇ ಆರಂಭಿಸಬಹುದು.

ಇತಿ,
ಓರ್ವ ಮತದಾರ
ಬದಿಯಡ್ಕ, ಕಾಸರಗೋಡು ಜಿಲ್ಲೆ